ನಾಲ್ಕನೆಯ ನಿಯಮ

ಉಡುಪಿ, ಪುತ್ತೂರು, ಸುಳ್ಯ, ಕಾಸರಗೋಡು ಕಡೆಗಳಿಂದ ತಮ್ಮ ಗಾಡಿಗಳನ್ನು ಓಡಿಸಿಕೊಂಡೇ ಬಂದವರೇ, ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಮಂಗಳೂರಿನ ಪಂಪ್‌ವೆಲ್‌ನಲ್ಲಿ ಇಳಿಸಿ ಓಡಿಸಿಕೊಂಡೇ ಬಂದೆವು ಅಂದವರೇ, ಎಲ್ಲರಿಗೂ ನಮಸ್ಕಾರ.

ಸ್ವಾಗತ ಭಾಷಣದಲ್ಲಿ ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ಕಳೆದುಬಿಡಿ. ನಾನು ಬ್ಯಾಂಕಿನಲ್ಲಿ 34 ವರ್ಷ ಲೆಡ್ಜರು ನೋಡಿದವನು. ನಿಯಮಾವಳಿ ಪುಸ್ತಕವನ್ನು ಕೊನೆಯ ಪುಟದವರೆಗೂ ಓದುವ ಚಟ ಅಲ್ಲಿಂದ ಅಂಟಿದ್ದು. ನನಗಿಂತ ಮೊದಲು ನಮ್ಮ ಹಳೆಯ ವಾಹನಗಳ ಕೂಟದ ಅಧ್ಯಕ್ಷರ ಈ ಕುರ್ಚಿಯಲ್ಲಿ ಮೂವರು ಕೂತಿದ್ದಾರೆ. ಮೊದಲನೆಯವರು ಕೂಟ ಕಟ್ಟಿದರು, ಎರಡನೆಯವರು ನೋಂದಣಿ ಮಾಡಿಸಿದರು, ಮೂರನೆಯವರ ಕಾಲದಲ್ಲಿ ಬ್ಯಾನರು, ಟೀ ಶರ್ಟು ಆದವು. ಮೂವರೂ ದುಡಿದಿದ್ದಾರೆ, ಮೂವರಿಗೂ ಕೃತಜ್ಞತೆ. ಇವತ್ತಿನ ಊಟದ ಖರ್ಚು ವಹಿಸಿದವರಿಗೂ ಕೃತಜ್ಞತೆ. ಇನ್ನು ವಿಷಯಕ್ಕೆ ಬರುತ್ತೇನೆ.

ನಮ್ಮ ನಿಯಮಾವಳಿಯ ನಾಲ್ಕನೆಯ ನಿಯಮ ಹೀಗಿದೆ: 1970ನೇ ಇಸವಿಯ ಡಿಸೆಂಬರ್ 31ರೊಳಗೆ ತಯಾರಾದ, ಮೂಲ ಸ್ಥಿತಿಯಲ್ಲಿರುವ, ಸ್ವಂತ ಹೆಸರಿನಲ್ಲಿ ನೋಂದಣಿಯಾದ ವಾಹನ ಉಳ್ಳವರು ಮಾತ್ರ ಸದಸ್ಯರಾಗಬಹುದು. ಒಂದೇ ವಾಕ್ಯ; ಒಳಗೆ ಮೂರು ಮುಳ್ಳು. ಆರು ವಾರ್ಷಿಕ ಸಭೆಗಳಲ್ಲಿ ಇದರ ತಿದ್ದುಪಡಿ ಕಾರ್ಯಸೂಚಿಯ ಕೊನೆಯ ಅಂಶವಾಗಿ ಬಂತು. ಆರು ಸಲವೂ ಅಷ್ಟು ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಈ ಸಲ ಇದೊಂದನ್ನೇ ಮಾತಾಡುತ್ತೇನೆ.

ಮೊದಲು ಇಸವಿಯ ವಿಚಾರ. 1970 ಯಾಕೆ? ಪಂಚಾಂಗ ನೋಡಿ ಇಟ್ಟದ್ದೆಂದು ಹೊಸಬರು ತಿಳಿದಿರಬಹುದು. ಕೂಟ ಕಟ್ಟಿದ ಏಳು ಜನರ ಗಾಡಿಗಳಲ್ಲಿ ಎಲ್ಲಕ್ಕಿಂತ ಚಿಕ್ಕ ಪ್ರಾಯದ್ದು ಒಂದು ವೆಸ್ಪಾ ಸ್ಕೂಟರು, 1970ರದ್ದು. ಅದು ಒಳಗೆ ಬರಬೇಕಿತ್ತು, ಬಂತು, ಬಾಗಿಲು ಮುಚ್ಚಿತು. ಅಷ್ಟೇ. ಇದರಲ್ಲಿ ಶಾಸ್ತ್ರ ಏನೂ ಇಲ್ಲ, ಅವತ್ತಿನ ಸೌಕರ್ಯ. ಬಾಗಿಲು ಹಾಕಿದ ದಿನದಿಂದ ನಮ್ಮ ಪ್ರಾಯ ಮಾತ್ರ ಏರುತ್ತಾ ಹೋಯಿತು, ಗೆರೆ ಅಲ್ಲೇ ನಿಂತಿತು. ಮುಂದಿನ ಸಾಲಿನಲ್ಲಿ ಕೂತವರ ತಲೆ ನೋಡಿ, ಗೊತ್ತಾಗುತ್ತದೆ. ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ, ಸಿಟ್ಟು ಮಾಡಬೇಡಿ.

ಹೊರಗಿನ ಲೋಕ ಏನು ಮಾಡಿದೆ ನೋಡೋಣ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 1966ರಿಂದ ಇದೆ. ಅದರ ಪ್ರಕಾರ 30 ವರ್ಷ ತುಂಬಿದ, ಚರಿತ್ರೆಗೆ ಸರಿಯಾದ ಸ್ಥಿತಿಯಲ್ಲಿ ಕಾಪಾಡಿದ, ದಿನನಿತ್ಯದ ಓಡಾಟಕ್ಕೆ ಬಳಸದ ವಾಹನ ಚಾರಿತ್ರಿಕ ವಾಹನ. ಇಲ್ಲಿ ಇಸವಿಯೇ ಇಲ್ಲ, ಪ್ರಾಯ ಮಾತ್ರ. ಪ್ರತಿ ವರ್ಷ ಒಂದು ಹೊಸ ಬ್ಯಾಚು ತಾನಾಗಿಯೇ ಒಳಗೆ ಬರುತ್ತದೆ. ಅಮೆರಿಕದ ಹಾಟ್ ರಾಡಿನವರನ್ನು ನಮ್ಮಲ್ಲಿ ಕೆಲವರು ಗಾಡಿ ಕೆಡಿಸುವವರೆಂದು ನಗುತ್ತಾರೆ. ಹಳೆಯ ಫೋರ್ಡಿನ ಮಡ್‌ಗಾರ್ಡ್ ಕಿತ್ತು, ವಿ8 ಇಂಜಿನ್ ಕೂರಿಸಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ಓಡಿಸಿದವರು ಅವರು. ಆ ಓಟಗಳಿಗೆ ನಿಯಮ ಮಾಡಲಿಕ್ಕೆಂದು 1937ರಲ್ಲೇ ಸಂಘ ಕಟ್ಟಿಕೊಂಡರು. 1949ರಲ್ಲಿ ಫೋರ್ಡಿನ ಬಾಡಿಯ ಆಕಾರವೇ ಬದಲಾಯಿತು, ಮಡ್‌ಗಾರ್ಡು ಮೈಯೊಳಗೇ ಸೇರಿಹೋಯಿತು. ಆದ್ದರಿಂದ ಅವರ ದೊಡ್ಡ ಸಂಘವೊಂದು 1948ಕ್ಕೆ ಗೆರೆ ಹಾಕಿತ್ತು. ಆ ಗೆರೆಗೆ ಒಂದು ಕಾರಣವಾದರೂ ಇತ್ತು. ಅವರು ಸಹ ಎಷ್ಟೋ ವರ್ಷ ಹಿಡಿದುಕೊಂಡಿದ್ದು, ಕೊನೆಗೆ 30 ವರ್ಷದ ಲೆಕ್ಕಕ್ಕೆ ಬಂದರು. ಗಾಡಿಯನ್ನು ಗರಗಸದಲ್ಲಿ ಕತ್ತರಿಸುವವರು ನಿಯಮ ತಿದ್ದಿಕೊಂಡರು. ಗಾಡಿಯನ್ನು ಬಟ್ಟೆಯಲ್ಲಿ ಒರೆಸುವ ನಮಗೆ ಆಗಲಿಲ್ಲ.

ನಮ್ಮ ನೆಲದ ಲೆಕ್ಕ ಹೇಳುತ್ತೇನೆ. ಮಾರುತಿ 800ರ ಮೊದಲ ಬೀಗದ ಕೈ ಕೊಟ್ಟದ್ದು 1983ರ ಡಿಸೆಂಬರಿನಲ್ಲಿ, ನಲವತ್ತು ದಾಟಿತು. ಆರ್‌ಎಕ್ಸ್ 100 ಬೈಕು ಬಂದದ್ದು 1985ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಟ ಕೊನೆಯ ಯೆಜ್ಡಿಗೂ 2026ಕ್ಕೆ 30 ತುಂಬುತ್ತದೆ. ಯಾದವಗಿರಿಯಲ್ಲಿ, ನಮ್ಮದೇ ರಾಜ್ಯದಲ್ಲಿ, ನಮ್ಮವರೇ ಜೋಡಿಸಿದ ಗಾಡಿ. ಅದರ ಬಹುಪಾಲು ಮಾದರಿಗಳಿಗೆ ನಮ್ಮ ಕೂಟದಲ್ಲಿ ಜಾಗ ಇಲ್ಲ! ಯೆಜ್ಡಿ ರೋಡ್‌ಕಿಂಗ್ ಇಟ್ಟುಕೊಂಡ ಹುಡುಗ ಮೆರವಣಿಗೆಯಲ್ಲಿ ಹಿಂದೆ ಬರಬಹುದಂತೆ, ಫೋಟೋದಲ್ಲಿ ನಿಲ್ಲಬಾರದಂತೆ. ಎಂಥ ಮಡಿ ಮಾರಾಯ್ರೆ ಇದು?

ಇನ್ನೊಂದು ತಮಾಷೆಯೂ ಉಂಟು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು. ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರು, ಫೋರ್ ಸ್ಟ್ರೋಕ್ ಇಂಜಿನ್, ನೀರಿನಿಂದ ತಂಪು. ಜುಲೈಯ ಎರಡನೇ ಭಾನುವಾರ ಜಾವಾ ದಿನ, ಮಂಗಳೂರಿನಲ್ಲಿ ಅವತ್ತು ಮಳೆ ಬಾರದಿದ್ದರೆ ಆಶ್ಚರ್ಯ. ಅಂಥ ಒಂದು ಭಾನುವಾರ ಹೊಸ ಜಾವಾದ ಒಬ್ಬ ಯುವಕ ತೊಯ್ದುಕೊಂಡು ಬಂದು, "ಸರ್, ಟ್ಯಾಂಕಿನ ಮೇಲೆ ಹೆಸರು ಅದೇ ಅಲ್ವಾ?" ಎಂದು ಕೇಳಿದ. ನಮ್ಮ ಸಮಿತಿಯ ಒಬ್ಬರು ಅವನ ಸೈಲೆನ್ಸರಿನ ಹತ್ತಿರ ಬಗ್ಗಿ ಮೂಸಿ, "ಆಯಿಲಿನ ವಾಸನೆ ಇಲ್ಲ, ಆಗುವುದಿಲ್ಲ" ಅಂದರು. ನಾವೆಲ್ಲ ನಕ್ಕೆವು. ಅವನು ಮತ್ತೆ ಬರಲಿಲ್ಲ. ಅವನ ಗಾಡಿಗೆ ಪ್ರಾಯ ಆಗಿಲ್ಲ, ಸರಿ, 2048ರವರೆಗೆ ಕಾಯಲಿ. ಆದರೆ ಅವನು ಮನುಷ್ಯ, ಅವನನ್ನು ಕಾಯಿಸಬೇಕಾಗಿರಲಿಲ್ಲ. ಒಂದು ಕುರ್ಚಿ ಕೊಟ್ಟು ಚಾ ಕುಡಿಸಿದ್ದರೆ ಸಾಕಿತ್ತು.

ಎರಡನೆಯ ಮುಳ್ಳು, ಮೂಲ ಸ್ಥಿತಿ. ಒರಿಜಿನಲ್ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುವ ಶಬ್ದ. ನನ್ನ ಹೊಟ್ಟೆಯಲ್ಲಿ ಹನ್ನೊಂದು ವರ್ಷದಿಂದ ಕೂತದ್ದು ಇದೇ.

ಹನ್ನೊಂದು ವರ್ಷದ ಹಿಂದೆ ನಾನು ಕಾರ್ಯದರ್ಶಿ. ವಾರ್ಷಿಕ ಪ್ರದರ್ಶನದ ದಿನ ಬೆಳಿಗ್ಗೆ ಸುಳ್ಯದ ಕಡೆಯ ಒಬ್ಬ ತೋಟದ ಮಾಲೀಕರು ತಂದೆಯವರ ಕಾಲದ ವಿಲ್ಲಿಸ್ ಜೀಪು ತಂದಿದ್ದರು, 1958ರ ಗಾಡಿ. ಬಾನೆಟ್ಟಿನ ಒಳಗೆ ಡೀಸೆಲ್ ಇಂಜಿನ್. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಅವರ ತಂದೆ ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಹಾಕಿಸಿದ್ದರು. ಇಲ್ಲದಿದ್ದರೆ ಅಡಿಕೆ ಮೂಟೆ ಪೇಟೆಗೆ ಬರುತ್ತಿರಲಿಲ್ಲ, ಹೆರಿಗೆಗೆ ಹೊರಟ ಹೆಂಗಸರು ಆಸ್ಪತ್ರೆ ಮುಟ್ಟುತ್ತಿರಲಿಲ್ಲ. ಅಷ್ಟನ್ನೂ ಅವರು ಅರ್ಜಿಯ ಹಿಂದೆ ತಮ್ಮ ಕೈಯಾರೆ ಬರೆದಿದ್ದರು. ಯಾರು ಹಾಕಿದ್ದು, ಗೇರ್ ಬಾಕ್ಸಿಗೆ ಎಂತ ಪ್ಲೇಟು ಬೆಸೆದದ್ದು, ಆರ್.ಸಿ.ಯಲ್ಲಿ ಯಾವಾಗ ನಮೂದಾದದ್ದು, ಎಲ್ಲವೂ ಇತ್ತು. ನಮ್ಮ ತಪಾಸಣಾ ಸಮಿತಿ ಬಾನೆಟ್ ಎತ್ತಿ ನೋಡಿ ಎರಡು ನಿಮಿಷದಲ್ಲಿ ತಿರಸ್ಕರಿಸಿತು. ಸಹಿ ಹಾಕಿದವನು ನಾನು. ಅವರು ವಾದ ಮಾಡಲಿಲ್ಲ. ಬಾನೆಟ್ ಮುಚ್ಚಿ, ಎರಡೂ ಕಡೆಯ ಕೊಕ್ಕೆ ಹಾಕಿ, ಅಂಗೈಯಿಂದ ಒಮ್ಮೆ ತಟ್ಟಿ ಹೊರಟುಹೋದರು.

ಅದೇ ದಿನ ಸಂಜೆ ಮೂಲ ಸ್ಥಿತಿಯ ಅತ್ಯುತ್ತಮ ದ್ವಿಚಕ್ರ ವಾಹನ ಎಂಬ ಫಲಕ ನನ್ನ 1968ರ ಜಾವಾಕ್ಕೆ ಬಂತು. ಈಗ ಆ ಜಾವಾದ ವಿಷಯ ಹೇಳುತ್ತೇನೆ, ಕೂತುಕೊಂಡು ಕೇಳಿ. ಅದಕ್ಕೆ ಕಾರ್ಖಾನೆಯಲ್ಲಿ ಕೊಟ್ಟದ್ದು 6 ವೋಲ್ಟಿನ ಡೈನಮೊ. ಈಗ ಇರುವುದು 12 ವೋಲ್ಟಿನ ಕಿಟ್. ಜಿಕಾವ್ ಕಾರ್ಬುರೇಟರ್ ಹೋಗಿ ಮಿಕಾರ್ಬ್ ಬಂದು ಎಷ್ಟೋ ವರ್ಷ ಆಯಿತು. ಎರಡು ಸೈಲೆನ್ಸರುಗಳಲ್ಲಿ ಒಂದು ಬೈಕಂಪಾಡಿಯಲ್ಲಿ ಮಾಡಿಸಿದ್ದು. ಸಿಲಿಂಡರ್ ಎರಡು ಸಲ ಬೋರ್ ಆಗಿದೆ. ಎಡಗಡೆಯ ಕ್ರ್ಯಾಂಕ್ ಕೇಸ್ ಗುಜರಿಯಿಂದ ತಂದ ಯೆಜ್ಡಿಯದ್ದು. ಟ್ಯಾಂಕಿನ ಕ್ರೋಮ್ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತೀರ್ಪುಗಾರರು ಅದರಲ್ಲಿ ತಮ್ಮ ಮುಖ ನೋಡಿಕೊಂಡು ಅಂಕ ಕೊಟ್ಟರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಗಾಡಿಯ ಕೆಲಸ ಮಾಡಿದ ಮೇಸ್ತ್ರಿ ಮೈದಾನದ ಬದಿಯಲ್ಲಿ ವೇಸ್ಟ್ ಬಟ್ಟೆಯಿಂದ ಕೈ ಒರೆಸಿಕೊಂಡು ನಿಂತಿದ್ದರು. ನಾನು ಫಲಕ ಹಿಡಿದು ಇಳಿದು ಬಂದಾಗ ನಕ್ಕು, "ನಿಮ್ಮ ಗಾಡಿಯ ಹೊಟ್ಟೆಯೊಳಗೆ ಎಂತ ಉಂಟೆಂದು ನಮಗಿಬ್ಬರಿಗೆ ಮಾತ್ರ ಗೊತ್ತು ಮಾರಾಯ್ರೆ, ಹೆದರಬೇಡಿ" ಅಂದರು. ಸಮಾಧಾನ ಮಾಡಲಿಕ್ಕೆ ಹೇಳಿದ್ದೇ ಇರಬೇಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದರೆ ನಮ್ಮ ನಿಯಮ ನಿಜ ಬರೆದವರನ್ನು ಹೊರಗೆ ಹಾಕಿತು, ಬಾಯಿ ಮುಚ್ಚಿಕೊಂಡವನಿಗೆ ಫಲಕ ಕೊಟ್ಟಿತು. ಈ ಸಭೆಯಲ್ಲಿ ನನ್ನಂಥವರು ಎಷ್ಟು ಮಂದಿ ಇದ್ದಾರೆಂದು ಕೈ ಎತ್ತಿಸಿ ಕೇಳುವುದಿಲ್ಲ. ಹೊರಗೆ ನಿಲ್ಲಿಸಿದ ಗಾಡಿಗಳೇ ಹೇಳುತ್ತವೆ. ಕಡಲಿನ ಉಪ್ಪುಗಾಳಿ, ವರ್ಷದಲ್ಲಿ ನಾಲ್ಕು ತಿಂಗಳ ಮಳೆ ತಿಂದ ಊರು ಇದು. ಇಲ್ಲಿ ಐವತ್ತು ವರ್ಷ ಓಡಿದ ಯಾವ ಫಿಯೆಟ್ಟಿನ ಫ್ಲೋರ್ ಬೋರ್ಡು ಕಾರ್ಖಾನೆಯಿಂದ ಬಂದ ತಗಡಾಗಿ ಉಳಿದೀತು? ಟಿಂಕರ್ ಕೈ ತಾಗದ ಕಾರು ಮಂಗಳೂರಿನಲ್ಲಿ ಇದ್ದರೆ ಅದು ಓಡದೇ ನಿಂತ ಕಾರು. ಬೇಕಾದರೆ ಲೈಟ್‌ಹೌಸ್ ಹಿಲ್ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಮ್ಮಿಗೆ ಹೋಗಿ ನೋಡಿ. ಮಂಗಳೂರಿನ ಮೊದಲ ಕಾರು, ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರ 1906ರ ಪ್ಯೂಜೊ, ಅಲ್ಲಿದೆ. ಅದನ್ನು ನೋಡಿದಾಗಲೆಲ್ಲ ನಾನು ಕೈ ಮುಗಿಯುತ್ತೇನೆ. ಆದರೆ ನಾವು ಮ್ಯೂಸಿಯಮ್ಮಿನವರಲ್ಲ, ಓಡಿಸುವವರು. ಓಡಿಸುವವನ ಗಾಡಿಯಲ್ಲಿ ಬಿಡಿಭಾಗ ಸವೆಯುತ್ತದೆ, ಸವೆದದ್ದು ಬದಲಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ನಮ್ಮ ವಕೀಲ ಮಿತ್ರರು ಪ್ರತಿ ಸಲ ಎದ್ದು ನಿಲ್ಲುತ್ತಾರೆ. ಅವರಿಗೆ ಶ್ರಮ ಬೇಡ, ನಾನೇ ಹೇಳುತ್ತೇನೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎರಡು ಚಕ್ರದ ವಾಹನ, ಕಾರಿನಂಥ ನಾಲ್ಕು ಚಕ್ರದ ವಾಹನ, ಮೂಲರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಇಂಜಿನ್ ಬದಲಿಸಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ. ಮೊದಲೇ ನೋಂದಣಿ ಇದ್ದವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇದೊಂದು ಒಳ್ಳೆಯ ಕೆಲಸ, ಹೊಗಳಲೇಬೇಕು. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಬಿಟ್ಟರೆ ದಿನಾ ಓಡಿಸುವ ಹಾಗಿಲ್ಲ. ಇನ್ನು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್. ತಯಾರಕರು ಹೇಳಿದ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಗಟ್ಟಿ ಮಾಡಿತು. ಅಗಲ ಟಯರು, ಕತ್ತರಿಸಿದ ಚಾಸಿ, ಆಕಾಶಕ್ಕೆ ಎತ್ತರಿಸಿದ ಜೀಪು ಇಟ್ಟುಕೊಂಡು ರಸ್ತೆಗಿಳಿಯುವವರಿಗೆ ನಾನು ಆಶ್ರಯ ಕೇಳುತ್ತಿಲ್ಲ. ಅದು ಬ್ರೇಕಿನ, ಜೀವದ ಪ್ರಶ್ನೆ.

ನಾನು ಹೇಳುವುದಿಷ್ಟೇ: ಸರಕಾರದ ನಿಯಮ ನಂಬರ್ ಪ್ಲೇಟು ಕೊಡಲಿಕ್ಕೆ. ನಮ್ಮ ನಿಯಮ ಮನುಷ್ಯರನ್ನು ಸೇರಿಸಿಕೊಳ್ಳಲಿಕ್ಕೆ. ಅದನ್ನು ನೋಡಿ ಇದನ್ನು ಬರೆದರೆ ಏನಾಗುತ್ತದೆ? ಆ ವ್ಯಾಖ್ಯೆಯಲ್ಲಿ ಬಸ್ಸಿಗೆ ಜಾಗ ಇಲ್ಲ, ಮೂರು ಚಕ್ರದ ರಿಕ್ಷಾಕ್ಕೆ ಇಲ್ಲ. ಈ ಜಿಲ್ಲೆಯನ್ನು ಜಿಲ್ಲೆ ಮಾಡಿದ್ದೇ ಬಸ್ಸು. ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ, ಈ ಹೆಸರುಗಳಿಲ್ಲದೆ ನಮ್ಮ ಅಜ್ಜಂದಿರು ಘಾಟಿ ಹತ್ತಿದ್ದುಂಟೇ? ನಾಳೆ ಯಾರಾದರೂ ಅಂಥ ಒಂದು ಬಸ್ಸಿನ ಮರದ ಬಾಡಿ ಉಳಿಸಿ ತಂದರೆ, ವ್ಯಾಖ್ಯೆಗೆ ಹೊಂದುವುದಿಲ್ಲ ಎಂದು ನಾನು ಗೇಟಿನಲ್ಲಿ ನಿಂತು ಹೇಳಬೇಕೇ? ಫಿವಾದವರ ಗುರುತು ಚೀಟಿಯಲ್ಲಿ ವಾಹನ ತನ್ನ ಕಾಲದಲ್ಲೇ ಪಡೆದ ಮಾರ್ಪಾಟಿಗೆ ಬೇರೆ ವರ್ಗವೇ ಉಂಟು. ಆ ವರ್ಗದ ಎದುರು ಸುಳ್ಯದ ಜೀಪಿನ ಅರ್ಜಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಕಾಲ ಸಿಗುತ್ತಿತ್ತು.

ಅಷ್ಟು ದೂರ ಹೋಗುವುದೂ ಬೇಡ. ಕಂಬಳದ ಗದ್ದೆಗೆ ಹೋಗಿ. ಅಲ್ಲಿ ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡ ಹಲಗೆ, ಕನೆಹಲಗೆ ಎಂದು ಆರು ವಿಭಾಗ. ಕಿರಿಯವೋ ಹಿರಿಯವೋ ಎಂಬ ಜಗಳ ಬಂದರೆ ಕೋಣದ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮಾತು ಮುಗಿಯಿತು. ಕನೆಹಲಗೆಯಲ್ಲಿ ಓಟವನ್ನು ಅಳೆಯುವುದೇ ಇಲ್ಲ. ನೀರು ಆರೂವರೆ ಕೋಲಿನ ನಿಶಾನೆಗೆ ಹಾರಿತೋ, ಏಳೂವರೆ ಕೋಲಿಗೆ ಹಾರಿತೋ ಎಂಬುದೇ ಲೆಕ್ಕ. ಹಗ್ಗದ ಕೋಣ ಹಲಗೆಯ ಕೋಣವನ್ನು ಗದ್ದೆಯಿಂದ ಓಡಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಒಂದು ಗದ್ದೆಯಲ್ಲಿ ಆರು ಅಳತೆ ಇಟ್ಟುಕೊಂಡ ಊರಿನವರು ನಾವು. ಒಂದು ಮೈದಾನದಲ್ಲಿ ಎರಡು ಅಳತೆ ಇಟ್ಟುಕೊಳ್ಳಲಿಕ್ಕೆ ಆರು ವರ್ಷ ಜಗಳ.

ಮೂರನೆಯ ಮುಳ್ಳು, ಸ್ವಂತ ಹೆಸರು. ಆಗಲೇ ಹೇಳಿದ ಮೇಸ್ತ್ರಿ ಇಲ್ಲಿ ಸದಸ್ಯರಲ್ಲ. ಅವರ ಹೆಸರಿನಲ್ಲಿ ಹಳೆಯ ಗಾಡಿ ಇಲ್ಲ. ನಮ್ಮ ಹದಿನೆಂಟು ಗಾಡಿಗಳು ಅವರ ಕೈಯಲ್ಲಿ ಬದುಕಿವೆ. ಇಂಜಿನ್ ಸ್ಟಾರ್ಟ್ ಮಾಡಿ, ಸ್ಕ್ರೂಡ್ರೈವರಿನ ತುದಿ ಕ್ರ್ಯಾಂಕ್ ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಾರೆ. ಅವರಿಗೆ ಈಗ ಎಪ್ಪತ್ತೆರಡು. ಅವರ ಕಿವಿ ಹೋದ ದಿನ ನಮ್ಮ ಕೂಟ ಟೀ ಶರ್ಟುಗಳ ಕೂಟ. ತೀರಿಕೊಂಡ ಸದಸ್ಯರೊಬ್ಬರ ಮಗಳು ಅಪ್ಪನ ಲ್ಯಾಂಬ್ರೆಟ್ಟಾ ಓಡಿಸುತ್ತಾಳೆ. ಆರ್.ಸಿ. ಇನ್ನೂ ಅಪ್ಪನ ಹೆಸರಿನಲ್ಲಿ ಇದೆ ಎಂದು ಅವಳ ಅರ್ಜಿಯನ್ನು ಎರಡು ವರ್ಷ ಬಾಕಿ ಇಟ್ಟೆವು. ಅಪ್ಪನ ಶ್ರದ್ಧಾಂಜಲಿ ಸಭೆಗೆ ಮಾತ್ರ ಅವಳನ್ನು ಕರೆದೆವು.

ಈಗ ನನ್ನ ಸೂಚನೆಗಳು. ಇಸವಿ ತೆಗೆದುಹಾಕಿ, ತಯಾರಾದ ವರ್ಷದಿಂದ 30 ತುಂಬಿದ ಯಾವ ವಾಹನವಾದರೂ, ಚಕ್ರ ಎಷ್ಟೇ ಇರಲಿ, ಎಂದು ಬರೆಯಬೇಕು. ಮೂಲರೂಪ ಮತ್ತು ಮಾರ್ಪಾಟು ಎಂದು ಎರಡು ವಿಭಾಗ ಇರಬೇಕು, ಎರಡಕ್ಕೂ ಒಂದೇ ಚಂದಾ, ಒಂದೇ ಮತ. ಪ್ರತಿ ಗಾಡಿಗೂ ಒಂದು ಜಾತಕ ಬೇಕು. ಒಂದೇ ಹಾಳೆ ಸಾಕು: ಏನು ಬದಲಾಗಿದೆ, ಯಾವಾಗ, ಯಾಕೆ, ಮಾಡಿದ ಮೇಸ್ತ್ರಿ ಯಾರು. ಜಾತಕದಲ್ಲಿ ಮುಚ್ಚಿಟ್ಟದ್ದು ಗೊತ್ತಾದರೆ ಆ ವರ್ಷದ ಪ್ರದರ್ಶನದಿಂದ ಹೊರಗೆ. ಬದಲಾಯಿಸಿದ್ದಕ್ಕೆ ಶಿಕ್ಷೆ ಬೇಡ. ಹತ್ತು ವರ್ಷ ಹಳೆಯ ಗಾಡಿಗಳ ಕೆಲಸ ಮಾಡಿದ ಮೇಸ್ತ್ರಿ, ಟಿಂಕರ್, ಪೈಂಟರ್, ಲೇತಿನವರಿಗೆ ಚಂದಾ ಇಲ್ಲದ ಪೂರ್ಣ ಸದಸ್ಯತ್ವ, ಮತದ ಹಕ್ಕಿನೊಂದಿಗೆ. ಸತ್ತ ಸದಸ್ಯರ ಮನೆಯವರಿಗೆ ಆರ್.ಸಿ. ವರ್ಗಾವಣೆ ಆಗುವವರೆಗೆ ಸದಸ್ಯತ್ವ ಮುಂದುವರಿಯಬೇಕು.

ಇಷ್ಟು ಇವತ್ತೇ ಆಗುವಂಥದ್ದು. ಮುಂದಿನದಕ್ಕೆ ನೀವು ನಗಬಹುದು. ಸಾರಿಗೆ ಕಚೇರಿಯಲ್ಲಿ ತಿಂಗಳಿಗೆ ಒಂದು ದಿನ ಹಳೆಯ ಗಾಡಿಗಳಿಗೆಂದೇ ಇಡಬೇಕು. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರಿಂದ 10,000 ರೂಪಾಯಿ, ಬೈಕಿಗೆ 2,000. ಕೊಡುತ್ತೇವೆ, ಆದರೆ ಕೊಡಲಿಕ್ಕೆ ಬಂದವನನ್ನು ಗುಜರಿಯವನ ಹಾಗೆ ನೋಡಬಾರದು. ಐಟಿಐಯಲ್ಲಿ ಕಾರ್ಬುರೇಟರ್, ಪಾಯಿಂಟ್ ಸೆಟ್ಟಿಂಗ್ ಕಲಿಸುವ ಆರು ತಿಂಗಳ ತರಗತಿ ಬೇಕು, ನಮ್ಮ ಮೇಸ್ತ್ರಿಗಳೇ ಕಲಿಸಲಿ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನಲ್ಲಿ ಕಾರುಗಳ ಸಂಗ್ರಹ ಉಂಟು, ಮೈಸೂರು ದಾರಿಯಲ್ಲಿ ಪಯಣ ಎಂಬ ಕಾರುಗಳ ಮ್ಯೂಸಿಯಂ ಬಂದಿದೆ; ಬಸ್ಸಿನ ಊರಾದ ಮಂಗಳೂರಿಗೆ ಹಳೆಯ ಬಂದರಿನ ಒಂದು ಹೆಂಚಿನ ಗೋದಾಮಿನಲ್ಲಿ ಬಸ್ಸುಗಳದ್ದೇ ಒಂದು ಸಂಗ್ರಹ ಆಗಬೇಕು. ವರ್ಷಕ್ಕೆ ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಚಾರ್ಮಾಡಿ ಘಾಟಿಯನ್ನು ನಮಗೆ ಬಿಟ್ಟುಕೊಡಬೇಕು. ಇದು ಆಗುವುದಿಲ್ಲವೆಂದು ನನಗೂ ಗೊತ್ತು. ಹೇಳಿಯಾದರೂ ಇಡುತ್ತೇನೆ.

ಕೊನೆಯ ಎರಡು ವಿಷಯ. ಆ ಫಲಕವನ್ನು ಮನೆಯಿಂದ ತಂದು ಮೇಜಿನ ಮೇಲೆ ಇಟ್ಟಿದ್ದೇನೆ, ಕಾರ್ಯದರ್ಶಿಯವರು ರಶೀದಿ ಕೊಟ್ಟು ತೆಗೆದುಕೊಳ್ಳಲಿ. ನನ್ನ ಜಾವಾದ ಜಾತಕದ ಹಾಳೆಯೂ ಅದರ ಕೆಳಗೇ ಇದೆ. ಎರಡೂ ಬದಿ ಬರೆದು ತುಂಬಿಸಿದ್ದೇನೆ, ಇನ್ನೊಂದು ಹಾಳೆ ಬೇಕಾದೀತು. ಸುಳ್ಯಕ್ಕೆ ಕಳೆದ ತಿಂಗಳು ನಾನೇ ಹೋಗಿ ಬಂದೆ. ಜೀಪು ಓಡುತ್ತಾ ಇದೆ. ಅರ್ಜಿ ಕೊಡಿ ಎಂದು ಕೇಳಿದ್ದಕ್ಕೆ ಅವರು, "ಮೊದಲು ನಿಯಮ ಬದಲಾಯಿಸಿ, ಆಮೇಲೆ ನೋಡುವ" ಅಂದರು.

ತಿದ್ದುಪಡಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಊಟ ಒಂದೂವರೆಗೆ. ಅಡುಗೆಯವರಿಗೆ ಹೇಳಿ ಇಟ್ಟಿದ್ದೇನೆ, ಕೈ ಎಣಿಸುವವರೆಗೆ ಬಾಳೆ ಎಲೆ ಹಾಕಬಾರದೆಂದು. ಕಾರ್ಯದರ್ಶಿಯವರೇ, ಬಾಗಿಲು ಹಾಕಿಸಿ, ಓದಿ.